ಕಂಪನಿ ಮುಚ್ಚುವುದೋ, ಮಾರುವುದೋ: ಸಣ್ಣ ಪ್ರೈವೇಟ್ ಲಿಮಿಟೆಡ್ ನಡೆಸುವವರಿಗೆ ಒಂದು ಹೋಲಿಕೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್ಡಿನಲ್ಲಿ ನಾನು ಮತ್ತು ಅಣ್ಣ ಹನ್ನೊಂದು ವರ್ಷ ತೊಗರಿ ಬೇಳೆ ಪ್ಯಾಕಿಂಗ್ ಕಂಪನಿ ನಡೆಸಿದೆವು. ಪ್ರೈವೇಟ್ ಲಿಮಿಟೆಡ್. ನಾವಿಬ್ಬರೇ ಷೇರುದಾರರು, ನಾವಿಬ್ಬರೇ ನಿರ್ದೇಶಕರು. ಅಣ್ಣನಿಗೆ ಅರವತ್ತೈದು ದಾಟಿತು, ಅವನ ಮಕ್ಕಳು ಬೆಂಗಳೂರು ಬಿಟ್ಟು ಬರುವವರಲ್ಲ. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಮಾಲು ಖರೀದಿ, ಆಳಂದ, ಚಿತ್ತಾಪುರ, ಸೇಡಂ ಕಡೆಯ ಅಂಗಡಿಗಳ ಉದ್ರಿ ವಸೂಲಿ, ಎರಡನ್ನೂ ನಾನೊಬ್ಬನೇ ನಿಭಾಯಿಸುವುದು ಸಾಧ್ಯವಾಗಲಿಲ್ಲ. ಮುಚ್ಚಿಬಿಡೋಣ ಎಂದು ತೀರ್ಮಾನಿಸಿಕೊಂಡೇ ಸಿಎ ಕಚೇರಿಗೆ ಹೋದೆವು. ಅವರು ಅರ್ಜಿಯ ಮಾತೇ ಎತ್ತಲಿಲ್ಲ. "ಮುಚ್ಚಿದರೆ ಏನೇನು ಸಾಯುತ್ತದೆ, ಮೊದಲು ಅದನ್ನು ಬರೆದುಕೊಂಡು ಬನ್ನಿ" ಎಂದರು.

ಆ ರಾತ್ರಿ ಊಟದ ಮೇಲೆ ಅಣ್ಣ ಒಂದು ಕಿಲೋ ಬೇಳೆಯ ಖಾಲಿ ಪೌಚನ್ನು ಮೇಜಿನ ಮೇಲೆ ಹರಡಿದ. ಹಿಂಬದಿಯಲ್ಲಿ ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆ, ಅದರ ಕೆಳಗೆ ಕಂಪನಿಯ ಹೆಸರು, ವಿಳಾಸ. ಅಣ್ಣ ಆ ಸಂಖ್ಯೆಯ ಮೇಲೆ ಬೆರಳಿಟ್ಟು, "ಇದು ಸಾಯುತ್ತದೆ" ಎಂದ. ಪಟ್ಟಿ ಅಲ್ಲಿಂದ ಶುರುವಾಯಿತು. ಎರಡು ವಸತಿ ಶಾಲೆಗಳಿಗೆ ಬೇಳೆ ಪೂರೈಸುವ ಒಪ್ಪಂದ ಕಂಪನಿಯ ಹೆಸರಿನಲ್ಲಿತ್ತು. ಟೆಂಡರಿಗೆ ಬೇಕಾಗುವ ಮೂರು ವರ್ಷದ ವಹಿವಾಟಿನ ಪುರಾವೆ, ಸಣ್ಣ ಉದ್ಯಮವೆಂಬ ಸರಕಾರಿ ಗುರುತಾದ ಉದ್ಯಮ್ ನೋಂದಣಿ, ಜೆಸ್ಕಾಂನಿಂದ ಮಂಜೂರಾದ ವಿದ್ಯುತ್ ಲೋಡ್, ಹನ್ನೊಂದು ಜನ ಕೆಲಸಗಾರರ ಸೇವಾವಧಿ, ಎಲ್ಲವೂ ಕಂಪನಿಯವೇ. ಬಣ್ಣ ನೋಡಿ ಕಾಳು ಬೇರ್ಪಡಿಸುವ ಕಲರ್ ಸಾರ್ಟರ್, ಪ್ಯಾಕಿಂಗ್ ಯಂತ್ರ, ತಕ್ಕಡಿ, ಗೋಣಿಚೀಲಗಳನ್ನು ಇನ್ನೊಂದು ಪಟ್ಟಿಗೆ ಹಾಕಿದೆವು. ಅವು ಸಾಯುವುದಿಲ್ಲ, ಯಾರಿಗಾದರೂ ಮಾರಬಹುದು.

ಈ ಎರಡು ಪಟ್ಟಿಗಳೇ ತೀರ್ಮಾನಕ್ಕೆ ದಾರಿ ತೋರಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲನೆಯ ಪಟ್ಟಿ ತುಂಬಿದ್ದರೆ ಕಂಪನಿಯನ್ನು ಷೇರುಗಳ ಸಮೇತ ಮಾರಲು ನೋಡಿ. ಎರಡನೆಯದು ಮಾತ್ರ ತುಂಬಿದ್ದರೆ ಸಾಮಾನು ಮಾರಿ, ಸಾಲ ತೀರಿಸಿ, ಮುಚ್ಚಿ. ಎರಡೂ ಖಾಲಿಯಿದ್ದರೆ ಮುಚ್ಚುವುದೊಂದೇ ಸರಿ. ಖಾಲಿ ಕಂಪನಿಯನ್ನು ಅಪರಿಚಿತರಿಗೆ ಮಾರಲು ಹೋಗಬೇಡಿ; ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮಾರಾಟದಲ್ಲಿ ಎರಡು ಬಗೆ

"ಕಂಪನಿ ಮಾರಿದೆ" ಎಂದು ನಮ್ಮ ಕಡೆ ಹೇಳುವಾಗ ಎರಡು ಬೇರೆ ಬೇರೆ ವಹಿವಾಟುಗಳು ಒಂದೇ ಮಾತಿನಲ್ಲಿ ಬೆರೆತುಹೋಗುತ್ತವೆ. ಒಂದರಲ್ಲಿ ನೀವು ನಿಮ್ಮ ಷೇರುಗಳನ್ನು ಮಾರುತ್ತೀರಿ. ಕಂಪನಿ ಇದ್ದಲ್ಲೇ ಇರುತ್ತದೆ, ಅದೇ ಪ್ಯಾನ್, ಅದೇ ಜಿಎಸ್‌ಟಿ ಸಂಖ್ಯೆ, ಅದೇ ಪರವಾನಗಿ. ಮಾಲೀಕರು ಮಾತ್ರ ಬದಲಾಗುತ್ತಾರೆ. ಇನ್ನೊಂದರಲ್ಲಿ ಕಂಪನಿಯೇ ತನ್ನ ವ್ಯಾಪಾರವನ್ನೋ ಯಂತ್ರಗಳನ್ನೋ ಮಾರುತ್ತದೆ. ಹಣ ಕಂಪನಿಯ ಖಾತೆಗೆ ಬರುತ್ತದೆ, ಖಾಲಿಯಾದ ಕಂಪನಿ ನಿಮ್ಮ ಕೈಯಲ್ಲೇ ಉಳಿಯುತ್ತದೆ, ಅದನ್ನು ಆಮೇಲೆ ನೀವೇ ಮುಚ್ಚಬೇಕು.

ಕೊಳ್ಳುವವರಿಗೆ ಸಾಮಾನ್ಯವಾಗಿ ಎರಡನೆಯದು ಇಷ್ಟ. ನಿಮ್ಮ ಹಳೆಯ ತೆರಿಗೆ ಬಾಕಿ, ಗೊತ್ತಿಲ್ಲದ ಸಾಲ, ಮುಂದೆಂದೋ ಬರಬಹುದಾದ ನೋಟಿಸು, ಇವು ಯಾವುವೂ ಅವರ ತಲೆಗೆ ಬರುವುದಿಲ್ಲ. ಷೇರು ಕೊಂಡರೆ ಇವೆಲ್ಲ ಕಂಪನಿಯ ಜೊತೆಗೇ ಬರುತ್ತವೆ. ಕೊಡುವವರಿಗೆ ಮೊದಲನೆಯದು ಹಿತ, ಏಕೆಂದರೆ ಒಂದೇ ಸಹಿಯಲ್ಲಿ ಇಡೀ ಹೊರೆ ಇಳಿಯುತ್ತದೆ, ತೆರಿಗೆಯೂ ಒಂದೇ ಸಲ. ಚೌಕಾಸಿಯೆಲ್ಲ ನಡೆಯುವುದು ಈ ಎರಡರ ನಡುವೆ.

ನಮ್ಮಲ್ಲಿಗೆ ಮೊದಲು ಬಂದವರು ಸೊಲ್ಲಾಪುರದ ಕಡೆಯ ವ್ಯಾಪಾರಿಗಳು. ಯಂತ್ರ ಮತ್ತು ಬ್ರ್ಯಾಂಡ್ ಮಾತ್ರ ಸಾಕು, ಕಂಪನಿ ಬೇಡ ಎಂದರು. ಬೆಲೆ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಆಹಾರ ಪರವಾನಗಿ ಹೊಸದಾಗಿ ಆಗಬೇಕು, ಹಳೆಯ ಸಂಖ್ಯೆ ಅಚ್ಚಾದ ಪೌಚ್ ರೋಲುಗಳೆಲ್ಲ ರದ್ದಿಗೆ ಹೋಗಬೇಕು, ವಸತಿ ಶಾಲೆಗಳ ಒಪ್ಪಂದ ಅವರಿಗೆ ಸಿಗುವುದಿಲ್ಲ, ಕೆಲಸಗಾರರ ಲೆಕ್ಕ ನಾವೇ ಚುಕ್ತಾ ಮಾಡಬೇಕು. ಐದು ವರ್ಷ ಸೇವೆ ಮುಗಿಸಿದವರಿಗೆ ಗ್ರಾಚ್ಯುಟಿ ಕೊಡುವುದು ಕಾನೂನು. ತಿಂಗಳಿಗೆ 13,000 ರೂಪಾಯಿ ಪಡೆಯುವ, ಹತ್ತು ವರ್ಷ ದುಡಿದ ಒಬ್ಬರಿಗೆ ಅದು 75,000 ರೂಪಾಯಿ ಆಗುತ್ತದೆ: ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಅಂಥವರು ನಮ್ಮಲ್ಲಿ ಏಳು ಜನ ಇದ್ದರು. ಕೊಡಬೇಕಾದ ಹಣದ ಚಿಂತೆಗಿಂತ, ಸುರುವಿನ ದಿನದಿಂದ ಬೇಳೆ ಆರಿಸುತ್ತ ಬಂದ ಹೆಂಗಸರಿಗೆ ನಾಳೆ ಕೆಲಸವಿಲ್ಲ ಎಂದು ಹೇಳುವುದೇ ನನಗೆ ಹೆಚ್ಚು ಕಷ್ಟವಾಗಿತ್ತು. ಷೇರು ಮಾರಾಟದಲ್ಲಿ ಈ ಮಾತೇ ಏಳುವುದಿಲ್ಲ. ಕೆಲಸ ಕೊಟ್ಟದ್ದು ಕಂಪನಿ, ಕಂಪನಿ ಹಾಗೆಯೇ ಇರುತ್ತದೆ, ಸೇವಾವಧಿ ಮುರಿಯುವುದಿಲ್ಲ.

ವ್ಯಾಪಾರವನ್ನೇ ಮಾರುವುದಾದರೆ ಬಿಡಿಬಿಡಿಯಾಗಿ ಮಾರಬೇಡಿ, ನಡೆಯುತ್ತಿರುವ ಘಟಕವಾಗಿ ಇಡಿಯಾಗಿ ಮಾರಿ. ಒಂದೊಂದೇ ಯಂತ್ರ ಮಾರಿದರೆ ಪ್ರತಿಯೊಂದಕ್ಕೂ ಜಿಎಸ್‌ಟಿ ಹಾಕಬೇಕು. ನಡೆಯುವ ವ್ಯಾಪಾರದ ಒಟ್ಟಾರೆ ವರ್ಗಾವಣೆಗೆ ಜಿಎಸ್‌ಟಿ ವಿನಾಯಿತಿ ಇದೆ, ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ, ಮುಂದೆ ವಜಾ ಮಾಡಿಕೊಳ್ಳಬಹುದಾದ ಜಿಎಸ್‌ಟಿ) ಐಟಿಸಿ-02 ನಮೂನೆಯ ಮೂಲಕ ಕೊಳ್ಳುವವರಿಗೆ ದಾಟಿಸಲೂ ಬರುತ್ತದೆ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಕಾಳುಗಳಿಗೆ 2022ರ ಜುಲೈ 18ರಿಂದ 5 ಶೇಕಡಾ ಜಿಎಸ್‌ಟಿ ಇರುವುದರಿಂದ ನಮ್ಮಂಥ ಪ್ಯಾಕಿಂಗ್ ಘಟಕಗಳಲ್ಲಿ ಸ್ವಲ್ಪವಾದರೂ ಕ್ರೆಡಿಟ್ ಉಳಿದಿರುತ್ತದೆ. ಷೇರುಗಳ ಮಾರಾಟಕ್ಕಂತೂ ಜಿಎಸ್‌ಟಿಯೇ ಇಲ್ಲ. ಮುದ್ರಾಂಕ ಶುಲ್ಕ ಬೆಲೆಯ 0.015 ಶೇಕಡಾ ಮಾತ್ರ. 40 ಲಕ್ಷದ ವಹಿವಾಟಿಗೆ 600 ರೂಪಾಯಿ.

ಕೈಗೆ ಎಷ್ಟು ಉಳಿಯುತ್ತದೆ

ಒಂದು ಲೆಕ್ಕ ಮಾಡೋಣ. ಇಬ್ಬರು ಷೇರುದಾರರ ಕಂಪನಿ. ಷೇರು ಬಂಡವಾಳ 10 ಲಕ್ಷ, ವರ್ಷಗಳಿಂದ ಕೂಡಿದ ಲಾಭ 20 ಲಕ್ಷ. ಒಬ್ಬರು 40 ಲಕ್ಷಕ್ಕೆ ಎಲ್ಲ ಷೇರುಗಳನ್ನು ಕೊಳ್ಳುತ್ತಾರೆ. ಷೇರುಪೇಟೆಯಲ್ಲಿಲ್ಲದ ಕಂಪನಿಯ ಷೇರನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಬರುವ ಲಾಭ ದೀರ್ಘಾವಧಿಯದು. 2024ರ ಜುಲೈ 23ರ ನಂತರದ ಮಾರಾಟಗಳಿಗೆ ತೆರಿಗೆ 12.5 ಶೇಕಡಾ, ಹಣದುಬ್ಬರದ ಹೊಂದಾಣಿಕೆ ಇಲ್ಲ. 30 ಲಕ್ಷ ಲಾಭಕ್ಕೆ 3.75 ಲಕ್ಷ, ಅದರ ಮೇಲೆ 4 ಶೇಕಡಾ ಸೆಸ್ 15,000. ಇಬ್ಬರಿಗೂ ಸೇರಿ ಉಳಿಯುವುದು 36.10 ಲಕ್ಷ.

ಅದೇ ಕಂಪನಿ ಸಾಮಾನು ಮಾರಿ, ಸಾಲ ಮತ್ತು ತನ್ನ ತೆರಿಗೆ ಕಟ್ಟಿ, 30 ಲಕ್ಷ ಉಳಿಸಿತು ಎನ್ನಿ. ಇದರಲ್ಲಿ 20 ಲಕ್ಷವನ್ನು ನೀವು ಡಿವಿಡೆಂಡ್ (ಲಾಭಾಂಶ) ಆಗಿ ತೆಗೆದುಕೊಳ್ಳಬೇಕು, ಅದು ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬಿನಲ್ಲಿ ತೆರಿಗೆಯಾಗುತ್ತದೆ. ಇಬ್ಬರೂ 30 ಶೇಕಡಾ ಸ್ಲ್ಯಾಬಿನವರಾದರೆ ಸೆಸ್ ಸೇರಿ 6.24 ಲಕ್ಷ. ಉಳಿದ 10 ಲಕ್ಷ ಬಂಡವಾಳ ನಿಮ್ಮದೇ ಆದರೂ ಕಂಪನಿಯಿಂದ ಅದನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಬಂಡವಾಳ ಕಡಿತಕ್ಕೆ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆ ಬೇಕು, ಇಲ್ಲವೇ ಸ್ವಯಂ ಸಮಾಪನದ, ಅಂದರೆ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಂಡು ತಾವೇ ಮುಚ್ಚುವ ದಾರಿ ಹಿಡಿಯಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಕೊನೆಯ ಗಳಿಗೆಯಲ್ಲಿ ಗೊಂದಲಕ್ಕೆ ಬೀಳುತ್ತಾರೆ.

ಆದರೆ ಷೇರು ಮಾರಾಟದಲ್ಲೇ ತೆರಿಗೆ ಯಾವಾಗಲೂ ಕಡಿಮೆ ಎಂದುಕೊಳ್ಳಬೇಡಿ. ಬೇರೆ ಆದಾಯವಿಲ್ಲದ ಹಿರಿಯರೊಬ್ಬರು ಹೊಸ ತೆರಿಗೆ ಪದ್ಧತಿಯಲ್ಲಿದ್ದು ವರ್ಷಕ್ಕೆ 10 ಲಕ್ಷ ಡಿವಿಡೆಂಡ್ ಪಡೆದರೆ, 2025-26ರಿಂದ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ, ತೆರಿಗೆ ಸೊನ್ನೆಯಾಗಬಹುದು. ಷೇರು ಮಾರಾಟದ ದೀರ್ಘಾವಧಿ ಲಾಭಕ್ಕೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. ಆದ್ದರಿಂದ ಮಾರುವ ಮುಂಚಿನ ವರ್ಷದಲ್ಲಿ ಸ್ವಲ್ಪ ಲಾಭವನ್ನು ಡಿವಿಡೆಂಡ್ ಆಗಿ ತೆಗೆದು, ಆ ಮೇಲೆ ಷೇರು ಮಾರುವುದು ಕೆಲವು ಮನೆಗಳಿಗೆ ಲಾಭದಾಯಕ. ನಿಮ್ಮ ಮನೆಯ ಒಟ್ಟು ಆದಾಯ ನೋಡದೆ ಯಾರೂ ಇದನ್ನು ಖಚಿತವಾಗಿ ಹೇಳಲಾರರು.

ನಿರ್ದೇಶಕರಾಗಿ ನೀವು ಕಂಪನಿಗೆ ಸಾಲ ಕೊಟ್ಟಿದ್ದರೆ ಅದನ್ನು ಷೇರಿನ ಬೆಲೆಯೊಳಗೆ ಬೆರೆಸಬೇಡಿ. ಕೊಳ್ಳುವವರು ಕಂಪನಿಗೆ ಹಣ ತಂದು, ಕಂಪನಿ ನಿಮ್ಮ ಸಾಲ ತೀರಿಸಲಿ. ಕೊಟ್ಟ ಸಾಲ ಹಿಂದಕ್ಕೆ ಬಂದರೆ ಅದು ಆದಾಯವಲ್ಲ, ಅದರ ಅಸಲಿಗೆ ತೆರಿಗೆಯಿಲ್ಲ. ನಮ್ಮದರಲ್ಲಿ ಅಣ್ಣನ ಹಣ ಆರು ಲಕ್ಷ ಹೀಗೆ ಬೇರೆಯಾಗಿ ಬಂತು. ಬೆರೆಸಿದ್ದರೆ ಸುಮ್ಮನೆ ಅದಕ್ಕೂ ತೆರಿಗೆ ಕಟ್ಟಬೇಕಾಗುತ್ತಿತ್ತು.

ಇನ್ನೊಂದು ಅಭ್ಯಾಸದ ಬಗ್ಗೆ ನೇರವಾಗಿ ಹೇಳಬೇಕು. ಕಾಗದದ ಮೇಲೆ ಷೇರಿಗೆ ಹತ್ತು ರೂಪಾಯಿ ಬರೆದು ಉಳಿದದ್ದನ್ನು ನಗದಿನಲ್ಲಿ ಪಡೆಯುವುದು. ನಿಯಮದ ಪ್ರಕಾರ ಲೆಕ್ಕ ಹಾಕಿದ ನ್ಯಾಯಬೆಲೆಗಿಂತ ಕಡಿಮೆ ತೋರಿಸಿದರೆ ನಿಮಗೆ ನ್ಯಾಯಬೆಲೆಯ ಮೇಲೆಯೇ ತೆರಿಗೆ ಬೀಳುತ್ತದೆ, ವ್ಯತ್ಯಾಸ 50,000 ರೂಪಾಯಿ ದಾಟಿದರೆ ಕೊಳ್ಳುವವರಿಗೂ ಆ ವ್ಯತ್ಯಾಸ ಆದಾಯವೆನಿಸುತ್ತದೆ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ. ಸಿಎ ಹತ್ತಿರ ಮೌಲ್ಯಮಾಪನದ ವರದಿ ಬರೆಸಿಕೊಂಡು, ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ.

ನಷ್ಟದ ಕಂಪನಿಗೆ ಬೆಲೆ ಹೆಚ್ಚು ಎಂಬ ಮಾತೂ ಗಂಜಿನಲ್ಲಿ ಓಡಾಡುತ್ತದೆ. ಅದನ್ನು ನಂಬಿ ಕೂರಬೇಡಿ. ಕನಿಷ್ಠ 51 ಶೇಕಡಾ ಮತಾಧಿಕಾರ ಹಳಬರ ಕೈಯಲ್ಲೇ ಉಳಿಯದಿದ್ದರೆ ಹಳೆಯ ವ್ಯಾಪಾರ ನಷ್ಟವನ್ನು ಮುಂದಿನ ಲಾಭದಲ್ಲಿ ವಜಾ ಮಾಡಿಕೊಳ್ಳಲು ಬರುವುದಿಲ್ಲ. ಉಳಿಯುವುದು ಸವಕಳಿಯ (ಡಿಪ್ರಿಸಿಯೇಷನ್) ಬಾಕಿ ಮಾತ್ರ.

ಮುಚ್ಚುವುದೇ ಸರಿಯಾದಾಗ

ಎಲ್ಲ ಕಂಪನಿಗಳಿಗೂ ಕೊಳ್ಳುವವರು ಸಿಗುವುದಿಲ್ಲ. ವ್ಯಾಪಾರ ನಿಂತಿದೆ, ಸಾಲ ಇಲ್ಲ, ಖಾತೆಯಲ್ಲಿ ಏನೂ ಇಲ್ಲ, ಒಪ್ಪಂದಗಳಿಲ್ಲ ಎಂದಾದರೆ ಕಂಪನಿ ಕಾಯ್ದೆ 2013ರ 248ನೇ ಕಲಮಿನಡಿ ಕಂಪನಿ ರಿಜಿಸ್ಟ್ರಾರರ ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿ ಹಾಕಿ. ನಮೂನೆ ಎಸ್‌ಟಿಕೆ-2, ಶುಲ್ಕ 10,000 ರೂಪಾಯಿ. ಬಂಡವಾಳದ 75 ಶೇಕಡಾ ಹೊಂದಿದವರ ಒಪ್ಪಿಗೆ ಅಥವಾ ವಿಶೇಷ ಠರಾವು, ಪ್ರತಿ ನಿರ್ದೇಶಕರ ಅಫಿಡವಿಟ್, ನಾಳೆ ಏನಾದರೂ ಬಾಕಿ ಹೊರಬಿದ್ದರೆ ನಾವೇ ಭರಿಸುತ್ತೇವೆ ಎಂಬ ಮುಚ್ಚಳಿಕೆ, ಅರ್ಜಿಯ ದಿನಕ್ಕೆ 30 ದಿನಗಳಿಗಿಂತ ಹಳೆಯದಲ್ಲದ ಲೆಕ್ಕಪತ್ರ ಬೇಕು. 2023ರ ಮೇ 1ರಿಂದ ಈ ಅರ್ಜಿಗಳನ್ನು ಹರಿಯಾಣದ ಮಾನೇಸರದಲ್ಲಿರುವ ಸಿ-ಪೇಸ್ ಕೇಂದ್ರ ನೋಡುತ್ತದೆ. ಡಿಜಿಟಲ್ ಸಹಿಯ ಅವಧಿ ಮುಗಿದಿರದಿದ್ದರೆ ಎಲ್ಲವನ್ನೂ ಇಲ್ಲಿಂದಲೇ ಮಾಡಬಹುದು, ಬೆಂಗಳೂರಿಗೂ ಹೋಗಬೇಕಾಗಿಲ್ಲ.

ಹತ್ತು ಸಾವಿರದಲ್ಲಿ ಮುಗಿಯುತ್ತದೆ ಎಂದುಕೊಂಡು ಹೋದವರಿಗೆ ಆಘಾತವಾಗುವುದು ಹಳೆಯ ಬಾಕಿಯಿಂದ. ವ್ಯಾಪಾರ ನಿಂತ ಹಣಕಾಸು ವರ್ಷದವರೆಗಿನ ಎಲ್ಲ ವಾರ್ಷಿಕ ದಾಖಲೆಗಳನ್ನು ಸಲ್ಲಿಸಿರಲೇಬೇಕು. ಲೆಕ್ಕಪತ್ರದ ಎಒಸಿ-4 ಮತ್ತು ವಾರ್ಷಿಕ ರಿಟರ್ನಿನ ಎಂಜಿಟಿ-7 (ಸಣ್ಣ ಕಂಪನಿಗೆ ಎಂಜಿಟಿ-7ಎ), ಎರಡಕ್ಕೂ ತಡವಾದ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ. ಒಂದು ವರ್ಷದ ದಾಖಲೆ ಒಂದು ವರ್ಷ ತಡವಾದರೆ 73,000 ರೂಪಾಯಿ. ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಬೇರೆ ಕಂಪನಿಗಳಲ್ಲೂ ನಿರ್ದೇಶಕರಾಗುವ ಅರ್ಹತೆ ಕಳೆದುಕೊಳ್ಳುತ್ತಾರೆ. "ಹಾಗೇ ಬಿಟ್ಟರೆ ಸರಕಾರವೇ ತೆಗೆದುಹಾಕುತ್ತದೆ" ಎನ್ನುವವರ ಮಾತು ಅರ್ಧ ನಿಜ. 2017-18ರಲ್ಲಿ ರಿಜಿಸ್ಟ್ರಾರರು ಎರಡು ಲಕ್ಷಕ್ಕೂ ಹೆಚ್ಚು ನಿಷ್ಕ್ರಿಯ ಕಂಪನಿಗಳ ಹೆಸರನ್ನು ತಾವಾಗಿಯೇ ತೆಗೆದರು, ಜೊತೆಗೆ ಅಪಾರ ಸಂಖ್ಯೆಯ ನಿರ್ದೇಶಕರೂ ಅನರ್ಹರಾದರು. ಹಾಗೆ ಹೋಗುವುದು ಬೇರೆ, ಲೆಕ್ಕ ಒಪ್ಪಿಸಿ ಹೊರಬರುವುದು ಬೇರೆ.

ಜಿಎಸ್‌ಟಿ ನೋಂದಣಿ ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಬೇಕು; ಇದನ್ನು ಮರೆಯುವವರೇ ಹೆಚ್ಚು. ಉದ್ರಿ ಬಾಕಿಯನ್ನು ಮುಚ್ಚುವ ಮೊದಲೇ ವಸೂಲು ಮಾಡಿ. ಕಂಪನಿ ಹಾಕಿದ ಚೆಕ್ ಬೌನ್ಸ್ ಪ್ರಕರಣವಿದ್ದರೆ, ಫಿರ್ಯಾದಿಯೇ ಇಲ್ಲವಾದ ಮೇಲೆ ಅದನ್ನು ಮುಂದುವರಿಸುವುದು ಬಲು ತೊಡಕು. ಹೆಸರು ತೆಗೆದ ಮಾತ್ರಕ್ಕೆ ನಿರ್ದೇಶಕರ ಹೊಣೆಯೂ ಹೋಗುವುದಿಲ್ಲ: ಸಾಲ ಕೊಟ್ಟವರು, ಕೆಲಸಗಾರರು, ಷೇರುದಾರರು 20 ವರ್ಷಗಳೊಳಗೆ ನ್ಯಾಯಮಂಡಳಿಗೆ ಹೋಗಿ ಕಂಪನಿಯನ್ನು ಮತ್ತೆ ಬದುಕಿಸಲು ಕೇಳಬಹುದು.

ಆಸ್ತಿ ಗಣನೀಯವಾಗಿದ್ದು, ಸಾಲವನ್ನೆಲ್ಲ ತೀರಿಸುವ ಶಕ್ತಿಯೂ ಇದ್ದು, ಆದರೂ ಮುಚ್ಚಲೇಬೇಕು ಎನ್ನುವವರಿಗೆ ದಿವಾಳಿ ಸಂಹಿತೆಯ 59ನೇ ಕಲಮಿನ ಸ್ವಯಂ ಸಮಾಪನ ಇದೆ. ಸಮಾಪಕರ ಶುಲ್ಕ, ಪತ್ರಿಕಾ ಪ್ರಕಟಣೆ, ನ್ಯಾಯಮಂಡಳಿಯ ಆದೇಶ, ಇವೆಲ್ಲ ಸೇರಿ ಸಣ್ಣ ಕಂಪನಿಗೆ ಅದು ಭಾರ. ಸ್ವಂತ ನಿವೇಶನವಿರುವ ಕಂಪನಿಗಳಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ. ಮಗ ಇನ್ನೆರಡು ವರ್ಷದಲ್ಲಿ ಬಂದು ನಡೆಸಬಹುದು ಎಂಬಂಥ ಮನೆಗಳಿಗೆ ವ್ಯಾಪಾರವಿಲ್ಲದೆ ಕಂಪನಿಯನ್ನು ಹಾಗೇ ಉಳಿಸಿಕೊಳ್ಳುವ ಸುಪ್ತ ಕಂಪನಿ ಎಂಬ ದಾರಿಯೂ ಇದೆ. 455ನೇ ಕಲಮು, ಎಂಎಸ್‌ಸಿ-1 ಅರ್ಜಿ, ವರ್ಷಕ್ಕೊಂದು ಸಣ್ಣ ರಿಟರ್ನ್, ಸತತ ಐದು ವರ್ಷದವರೆಗೆ.

ಮನೆ ಪತ್ರ ಎಲ್ಲಿದೆ?

ಮಾರುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಮ್ಮ ಕಡೆ ಬ್ಯಾಂಕುಗಳು ಸಣ್ಣ ಕಂಪನಿಗೆ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನು ಪಡೆಯುತ್ತವೆ, ಹಲವು ಸಲ ಮನೆಯ ಪತ್ರವನ್ನೂ ಇಟ್ಟುಕೊಳ್ಳುತ್ತವೆ. ನೀವು ಷೇರು ಮಾರಿ, ನಿರ್ದೇಶಕ ಸ್ಥಾನ ಬಿಟ್ಟು ಹೊರಬಂದರೂ ಆ ಜಾಮೀನು ತಾನಾಗಿ ಬಿದ್ದುಹೋಗುವುದಿಲ್ಲ. ಬ್ಯಾಂಕು ಬರವಣಿಗೆಯಲ್ಲಿ ಬಿಡುಗಡೆ ಮಾಡುವವರೆಗೆ, ಬೇರೆಯವರ ಕಂಪನಿಯ ಸಾಲಕ್ಕೆ ನಿಮ್ಮ ಮನೆ ಜಾಮೀನಾಗಿಯೇ ಇರುತ್ತದೆ.

ನನಗೆ ತೀರ ಹತ್ತಿರದವರೊಬ್ಬರಿಗೆ ಹೀಗೇ ಆಯಿತು. "ಸಾಲ ನಾನು ನೋಡಿಕೊಳ್ಳುತ್ತೇನೆ" ಎಂಬ ಕೊಳ್ಳುವವರ ಮಾತು ನಂಬಿ ಸಹಿ ಮಾಡಿದರು. ಹೊಸಬರು ಅದೇ ಸಿಸಿ ಖಾತೆಯಲ್ಲಿ ಮಿತಿ ತುಂಬ ಹಣ ಎತ್ತಿ ಕಟ್ಟುವುದನ್ನು ನಿಲ್ಲಿಸಿದರು. ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅವರ ಮನೆ ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟಿತ್ತು. ಅವರ ಹೆಂಡತಿ ಅದನ್ನು ಓದುತ್ತ ಹೊಸ್ತಿಲಲ್ಲೇ ಕುಳಿತಿದ್ದನ್ನು ನಾನು ನೋಡಿದ್ದೇನೆ. ಆ ದೃಶ್ಯ ಕಣ್ಣ ಮುಂದೆ ಇದ್ದುದರಿಂದಲೇ ನಾವು ಬ್ಯಾಂಕಿನ ಕೆಲಸ ಮುಗಿಯುವ ತನಕ ಮುಂಗಡವನ್ನೂ ಮುಟ್ಟಲಿಲ್ಲ.

ಸರಿಯಾದ ಕ್ರಮ ಹೀಗೆ: ಕೊಳ್ಳುವವರು ತಂದ ಹಣದಲ್ಲಿ ಮೊದಲು ಸಾಲ ಚುಕ್ತಾ ಆಗಬೇಕು, ಅಥವಾ ಬ್ಯಾಂಕು ಹೊಸಬರ ಜಾಮೀನು ಪಡೆದು ನಿಮ್ಮನ್ನು ಬಿಡುಗಡೆ ಮಾಡಿ ಪತ್ರ ಕೊಡಬೇಕು. ಸಾಲ ತೀರಿದ್ದರೆ ಕಂಪನಿಯ ಆಸ್ತಿಯ ಮೇಲಿನ ಋಣಭಾರ ತೀರಿದ ಬಗ್ಗೆ ಸಿಎಚ್‌ಜಿ-4 ಸಲ್ಲಿಕೆಯಾಗಬೇಕು. ಮನೆಯ ಮೂಲ ಪತ್ರ ಕೈಗೆ ಬಂದ ಮೇಲೆ ಷೇರು ವರ್ಗಾವಣೆ ಪತ್ರಕ್ಕೆ ಸಹಿ. ಮೂಲ ಪತ್ರ ಬ್ಯಾಂಕಿನಲ್ಲೇ ಇರುವಾಗ ಯಾರು ಎಷ್ಟೇ ಒತ್ತಾಯಿಸಿದರೂ ಸಹಿ ಮಾಡಬೇಡಿ.

ಕೈಗಾರಿಕಾ ಪ್ರದೇಶದಲ್ಲಿ ಕಂಪನಿಗೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿಕೆ ಮಾಡಿದ ನಿವೇಶನವಿದ್ದರೂ ಇದೇ ಎಚ್ಚರ ಬೇಕು. ಹಂಚಿಕೆಯ ಕರಾರು ಓದಿ, ಮಾಲೀಕತ್ವ ಬದಲಾವಣೆಗೆ ಮಂಡಳಿಯ ಅನುಮತಿ ಕೇಳಿ, ಆಮೇಲೆ ಮುಂದುವರಿಯಿರಿ. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕಡೆಯವರಿಗೂ ಇದು ಅನ್ವಯ.

ಕೊಳ್ಳುವವರು ಯಾರು?

ಮಾರುವ ಸುದ್ದಿ ಹಬ್ಬಿದ ಕೂಡಲೇ ಗುರುತಿಲ್ಲದ ಸಂಖ್ಯೆಗಳಿಂದ ಕರೆ ಬರತೊಡಗುತ್ತವೆ. ಅವರಿಗೆ ನಿಮ್ಮ ಯಂತ್ರ ಬೇಡ, ಬೇಳೆಯ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. "ಕಂಪನಿಗೆ ಎಷ್ಟು ವರ್ಷ ಆಯಿತು? ಜಿಎಸ್‌ಟಿ ಚಾಲ್ತಿಯಿದೆಯೇ? ಬ್ಯಾಂಕ್ ಖಾತೆ, ಚೆಕ್ ಪುಸ್ತಕ, ನೆಟ್ ಬ್ಯಾಂಕಿಂಗ್ ಸಮೇತ ಕೊಡುವಿರಾ?" ಇಷ್ಟೇ ಪ್ರಶ್ನೆ. ಲಕ್ಷವೋ ಎರಡು ಲಕ್ಷವೋ ಕೂಡಲೇ ಕೊಡುತ್ತೇವೆ ಎನ್ನುತ್ತಾರೆ. ಇಂಥ ಖಾಲಿ ಕಂಪನಿಗಳೇ ಸುಳ್ಳು ಬಿಲ್ಲು ಬರೆಯುವುದಕ್ಕೆ, ವಂಚನೆಯ ಹಣ ದಾಟಿಸುವುದಕ್ಕೆ ಬಳಕೆಯಾಗುವುದು. ತನಿಖೆ ಬಂದಾಗ ಮೊದಲು ತಟ್ಟುವುದು ಹಳೆಯ ನಿರ್ದೇಶಕರ ಬಾಗಿಲನ್ನು. ಖಾಲಿ ಕಂಪನಿಯನ್ನು ಮಾರಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಆ ಎರಡು ಲಕ್ಷದ ಆಸೆ ಬಿಟ್ಟು ಎಸ್‌ಟಿಕೆ-2 ಹಾಕಿ ನೆಮ್ಮದಿಯಿಂದ ಮಲಗಿ.

ನಿಜವಾದ ಗಿರಾಕಿ ಹೆಚ್ಚಾಗಿ ಹತ್ತಿರದಲ್ಲೇ ಇರುತ್ತಾರೆ. ನಿಮಗೆ ಮಾಲು ಕೊಡುವವರು, ನಿಮ್ಮ ಮಾಲು ಕೊಳ್ಳುವವರು, ನಿಮ್ಮಲ್ಲೇ ಮ್ಯಾನೇಜರ್ ಆಗಿ ದುಡಿದವರು, ಟೆಂಡರ್ ಅರ್ಹತೆಗಾಗಿ ಹಳೆಯ ಅನುಭವದ ಕಂಪನಿ ಹುಡುಕುತ್ತಿರುವ ಗುತ್ತಿಗೆದಾರರು. ನಮಗೆ ಸಿಕ್ಕವರು ಗಂಜಿನ ಅಡತಿ (ಕಮಿಷನ್ ವ್ಯಾಪಾರ) ಅಂಗಡಿಯ ಹುಡುಗ. ಅವನ ತಂದೆಯ ಹತ್ತಿರವೇ ನಾವು ಹತ್ತು ವರ್ಷ ತೊಗರಿ ಕೊಂಡಿದ್ದೆವು. "ಕಾಕಾ, ಕಾಳು ನಮ್ಮಲ್ಲಿದೆ, ಪ್ಯಾಕೆಟ್ಟು ನಿಮ್ಮಲ್ಲಿದೆ. ಹೊಸದಾಗಿ ಹೆಸರು ಮಾಡುವುದಕ್ಕೆ ನನಗೆ ಐದು ವರ್ಷ ಬೇಕು" ಎಂದ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕ ಮೇಲೆ ಪ್ಯಾಕೆಟ್ಟಿನ ಮೇಲಿನ ಊರ ಹೆಸರಿಗೆ ಬೆಲೆ ಬಂದಿದೆ ಎಂಬುದನ್ನು ಅವನು ನಮಗಿಂತ ಚೆನ್ನಾಗಿ ಅರಿತಿದ್ದ.

ಕಂತಿನಲ್ಲಿ ಕೊಡುತ್ತೇನೆ ಎಂದರೆ ಒಪ್ಪಬಹುದು, ಆದರೆ ಬಂದ ಕಂತಿಗೆ ತಕ್ಕಷ್ಟೇ ಷೇರು ವರ್ಗಾಯಿಸಿ, ಇಲ್ಲವೇ ಉಳಿದ ಹಣಕ್ಕೆ ಆಸ್ತಿಯ ಭದ್ರತೆ ಪಡೆಯಿರಿ. ಕೊಳ್ಳುವವರು ಹಳೆಯ ತೆರಿಗೆ ಬಾಕಿಯ ಭಯದಿಂದ ಬೆಲೆಯ ಒಂದು ಭಾಗವನ್ನು ವರ್ಷ ಕಾಲ ತಡೆಹಿಡಿಯಲು ಕೇಳುವುದು ನ್ಯಾಯವೇ. ನೀವು ಕೇಳಬೇಕಾದದ್ದು ಎರಡು: ನಿಮ್ಮ ಹೊಣೆಗೆ ಒಂದು ಗರಿಷ್ಠ ಮೊತ್ತ, ಒಂದು ಕೊನೆಯ ದಿನಾಂಕ.

ಕಪಾಟು ತೆರೆದಾಗ

ಕೊಳ್ಳುವವರ ಕಡೆಯ ಸಿಎ ಮೊದಲ ದಿನವೇ ಷೇರು ಪ್ರಮಾಣಪತ್ರಗಳನ್ನು ಕೇಳಿದರು. ಗಾಡ್ರೇಜ್ ಕಪಾಟಿನ ಕೆಳಗಿನ ಖಾನೆಯಲ್ಲಿ ಪುಸ್ತಕವೇನೋ ಸಿಕ್ಕಿತು. ಹಸಿರು ಅಂಚಿನ ಹಾಳೆಗಳು, ಮೂಲೆಗೆ ಇಲಿ ಕಡಿದ ಗುರುತು, ಒಂದು ಹಾಳೆಯನ್ನೂ ತುಂಬಿರಲಿಲ್ಲ. ಕಂಪನಿ ನೋಂದಣಿಯಾಗಿ ಎರಡು ತಿಂಗಳೊಳಗೆ ಕೊಡಬೇಕಾದ ಪ್ರಮಾಣಪತ್ರಗಳು ಹನ್ನೊಂದು ವರ್ಷವಾದರೂ ಬರೆದಿರಲಿಲ್ಲ. ಸದಸ್ಯರ ರಿಜಿಸ್ಟರ್ ಇರಲಿಲ್ಲ, ನಡಾವಳಿ ಪುಸ್ತಕ ಮೂರು ವರ್ಷಕ್ಕೆ ನಿಂತಿತ್ತು. ಇನ್ನೂ ದೊಡ್ಡ ಆಘಾತವೆಂದರೆ ಬ್ರ್ಯಾಂಡಿನ ಟ್ರೇಡ್‌ಮಾರ್ಕ್ ಕಂಪನಿಯ ಹೆಸರಿನಲ್ಲಿರಲಿಲ್ಲ, ಅಣ್ಣನ ಹೆಸರಿನಲ್ಲಿತ್ತು. ಷೇರು ಮಾರಿದ್ದರೆ ಬ್ರ್ಯಾಂಡು ನಮ್ಮ ಮನೆಯಲ್ಲೇ ಉಳಿಯುತ್ತಿತ್ತು, ಹುಡುಗ ದುಡ್ಡು ಕೊಟ್ಟದ್ದು ಯಾವುದಕ್ಕೋ ಅದೇ ಅವನಿಗೆ ಸಿಗುತ್ತಿರಲಿಲ್ಲ. ಅದನ್ನು ಕಂಪನಿಗೆ ವರ್ಗಾಯಿಸುವ ಪತ್ರ ಮಾಡಿ ನೋಂದಾಯಿಸಲು ಅರ್ಜಿ ಹಾಕಿದ ಮೇಲೆಯೇ ಮಾತು ಮುಂದೆ ಹೋಯಿತು.

ಆದ್ದರಿಂದ ಮಾರುವ ಯೋಚನೆ ಬಂದ ದಿನವೇ ಕಪಾಟು ತೆರೆಯಿರಿ. ಮಾರ್ಚ್ 31ರ ಲೆಕ್ಕ ಆಡಿಟ್ ಆದ ಮೇಲಿನ ತಿಂಗಳುಗಳು ಮಾತುಕತೆಗೆ ಒಳ್ಳೆಯವು. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಗಂಜಿಗೆ ಬರುವಾಗ ದಾಸ್ತಾನು ದಿನಕ್ಕೊಂದು ಲೆಕ್ಕ ತೋರಿಸುತ್ತದೆ, ಬೆಲೆಯೂ ಏರಿಳಿಯುತ್ತದೆ, ಆಗ ಕಂಪನಿಗೆ ಬೆಲೆ ಕಟ್ಟುವುದು ಇಬ್ಬರಿಗೂ ಕಷ್ಟ.

ಒಪ್ಪಿಸುವ ದಿನ

ಸಹಿಗಳ ಅನುಕ್ರಮ ತಪ್ಪಬಾರದು. ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ನಮ್ಮ ಹುಡುಗ ತನ್ನ ಹೆಂಡತಿಯನ್ನು ಜೊತೆಗೆ ತಂದ. ಒಂದೇ ಆಡಳಿತ ಮಂಡಳಿ ಸಭೆಯಲ್ಲಿ ಮೊದಲು ಹೊಸಬರನ್ನು ನಿರ್ದೇಶಕರನ್ನಾಗಿ ಸೇರಿಸಿಕೊಂಡೆವು, ಆ ಮೇಲೆ ಎಸ್‌ಎಚ್-4 ಪತ್ರಗಳ ಮೂಲಕ ಷೇರು ವರ್ಗಾವಣೆಗೆ ಒಪ್ಪಿಗೆ, ಕೊನೆಗೆ ನಮ್ಮ ರಾಜೀನಾಮೆ. ಹಳಬರು ಮೊದಲೇ ರಾಜೀನಾಮೆ ಕೊಟ್ಟರೆ, ನಿರ್ದೇಶಕರ ಬದಲಾವಣೆ ತಿಳಿಸುವ ಡಿಐಆರ್-12 ನಮೂನೆಗೆ ಸಹಿ ಮಾಡುವವರೇ ಇಲ್ಲದೆ ಕಂಪನಿ ಅತಂತ್ರವಾಗುತ್ತದೆ. ಡಿಐಆರ್-12 ಸಲ್ಲಿಸಲು 30 ದಿನ ಸಮಯವಿದೆ, ನಾವು ಅಂದು ಸಂಜೆಯೇ ಮುಗಿಸಿದೆವು. ಆ ಚಲನ್, ಸಭೆಯ ನಡಾವಳಿ, ದಾಸ್ತಾನಿನ ಪಟ್ಟಿ, ಅಂದಿನ ಬ್ಯಾಂಕ್ ಬಾಕಿಯ ಪತ್ರ, ಇವುಗಳ ಪ್ರತಿ ನನ್ನ ಮನೆಯಲ್ಲಿವೆ, ಇನ್ನೂ ಎಂಟು ಹತ್ತು ವರ್ಷ ಇರುತ್ತವೆ.

ಒಂದನ್ನು ಮರೆತಿದ್ದೆವು. ಜಿಎಸ್‌ಟಿ ಪೋರ್ಟಲ್, ಬ್ಯಾಂಕು, ಆದಾಯ ತೆರಿಗೆ ಖಾತೆ, ಆಹಾರ ಪರವಾನಗಿ, ಎಲ್ಲಕ್ಕೂ ನನ್ನ ಮೊಬೈಲ್ ಸಂಖ್ಯೆಯೇ ಜೋಡಣೆಯಾಗಿತ್ತು. ಹುಡುಗ ರಿಟರ್ನ್ ಹಾಕಲು ಕುಳಿತಾಗಲೆಲ್ಲ ಒಟಿಪಿ ನನಗೆ ಬರುತ್ತಿತ್ತು, ಅವನು ಕರೆ ಮಾಡಿ ಕೇಳುತ್ತಿದ್ದ, ನಾನು ಓದಿ ಹೇಳುತ್ತಿದ್ದೆ. ಇಬ್ಬರಿಗೂ ಅದು ಸಣ್ಣ ಉಪಕಾರವೆನಿಸಿತ್ತು. ಸಿಎ ಗದರಿಸಿದ ಮೇಲೆ ಅರ್ಥವಾಯಿತು, ನಾನು ನೋಡದ ವಹಿವಾಟುಗಳಿಗೆ ನನ್ನ ಒಪ್ಪಿಗೆಯ ಗುರುತು ಬೀಳುತ್ತಿತ್ತು. ಮರುದಿನ ಇಬ್ಬರೂ ಕುಳಿತು ಒಂದೊಂದಾಗಿ ಎಲ್ಲ ಕಡೆ ಸಂಖ್ಯೆ ಬದಲಿಸಿದೆವು. ಬ್ಯಾಂಕಿನದಕ್ಕೆ ಶಾಖೆಗೇ ಹೋಗಬೇಕಾಯಿತು, ಅದಕ್ಕೊಂದು ವಾರ ಹಿಡಿಯಿತು.